ಒಣಗದ ಊರು

ಬಿಳಿಯಲ್ಲಿ ಎಷ್ಟು ಬಗೆ ಎಂದು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳಿದರೆ ಒಂದೇ ಎನ್ನುತ್ತಾರೆ. ಮನೆಗೆ ಬಣ್ಣ ಹೊಡೆಸಿ ಕೈಸುಟ್ಟುಕೊಂಡವರಾದರೆ ಮೂರು ಎಂದಾರು. ಹಲ್ಲಣ್ಣನಿಗೆ ಇನ್ನೂರ ಹನ್ನೆರಡು ಬಿಳಿ ಗೊತ್ತಿದ್ದವು. ಹಾಲಿನ ಬಿಳಿ, ಹಾಲು ಒಡೆಯುವುದಕ್ಕೆ ಒಂದು ನಿಮಿಷ ಮುಂಚಿನ ಬಿಳಿ, ತೊಳೆದ ಬಟ್ಟಲಿನ ಬಿಳಿ, ತೊಳೆದೆ ಎಂದು ಸುಳ್ಳು ಹೇಳಿ ಇಟ್ಟ ಬಟ್ಟಲಿನ ಬಿಳಿ, ಹೀಗೆ. ಹಿಮ ಬೀಳುವ ದೇಶದವರು ಬಂದು ಅವನ ಕಾಲಬುಡದಲ್ಲಿ ಕೂತು ಕಲಿಯಬೇಕಿತ್ತು. ಬರಲಿಲ್ಲ, ನಷ್ಟ ಅವರದು.

ಅವನ ಕಸುಬು ಹಲ್ಲು ಮಾಡುವುದು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಹಲ್ಲಣ್ಣ ತನ್ನ ಎಂಟಡಿ ಅಗಲದ ಕೋಣೆಯಲ್ಲಿ ಕೂತು ಪಿಂಗಾಣಿ ಪುಡಿ ಕಲಸಿ, ಕೂದಲೆಳೆಯಂಥ ಕುಂಚದಲ್ಲಿ ಪದರದ ಮೇಲೆ ಪದರ ಕಟ್ಟಿ, ಪುಟ್ಟ ಕುಲುಮೆಯಲ್ಲಿ ಸುಟ್ಟು, ಹಲ್ಲು ಮಾಡಿ ಕಳಿಸುತ್ತಿದ್ದ. ಮೂವತ್ತು ವರ್ಷದಲ್ಲಿ ಅವನು ಮಾಡಿದ ಹಲ್ಲುಗಳನ್ನು ಸಾಲಾಗಿ ಜೋಡಿಸಿದ್ದರೆ ಭೂಮಿಯನ್ನು ಒಂದು ಸುತ್ತು ಕಚ್ಚಿ ಹಿಡಿಯಬಹುದಿತ್ತು. ಬೇರೆಯವರು ಹೊಳೆಯುವ ಹಲ್ಲು ಮಾಡುತ್ತಿದ್ದರು. ಹಲ್ಲಣ್ಣ ಮಾಡುತ್ತಿದ್ದದ್ದು ಪಕ್ಕದ ಹಲ್ಲಿನಂಥ ಹಲ್ಲು. ಪಕ್ಕದ್ದರಲ್ಲಿ ಬಿರುಕಿದ್ದರೆ ಇದರಲ್ಲೂ ಬಿರುಕು, ಅದಕ್ಕೆ ಚಹಾದ ಕಲೆ ಇದ್ದರೆ ಇದಕ್ಕೂ ಕಲೆ. ಒಬ್ಬ ವಕೀಲನಿಗೆ ಮೂರು ವರ್ಷದ ಮೇಲೆ ತನ್ನ ಬಾಯಲ್ಲಿ ಕೃತಕವಾದದ್ದು ಯಾವುದೆಂದು ಮರೆತುಹೋಯಿತು. ಡಾಕ್ಟರಿಗೂ ತಿಳಿಯಲಿಲ್ಲ. ಇಬ್ಬರೂ ಕೂತು ವಿಚಾರ ಮಾಡಿ ಒಳ್ಳೆಯ ಹಲ್ಲನ್ನು ಕಿತ್ತರು. ವಕೀಲ ದಾವೆ ಹೂಡಲು ಹೊರಟು, ಯಾರ ಮೇಲೆ ಎಂದು ಬಗೆಹರಿಯದೆ ಅರ್ಧ ದಾರಿಯಿಂದ ವಾಪಸ್ಸು ಬಂದ.

ಅಂಥ ಹಲ್ಲಣ್ಣನಿಗೆ, ಐವತ್ತೆರಡನೆಯ ವಯಸ್ಸಿನಲ್ಲಿ, ಅಮ್ಮ ತೀರಿಕೊಂಡಾಗ ಅಳು ಬರಲಿಲ್ಲ.

ನೆಂಟರು ಕಾದರು. ಅಕ್ಕಪಕ್ಕದವರು ಕಾದರು. ಮದುವೆಯನ್ನೂ ಆಗದೆ ಅಮ್ಮನ ಜೊತೆಗೇ ಇದ್ದವನು, ಈಗ ಅಳುತ್ತಾನೆ, ಇನ್ನೊಂದು ಗಳಿಗೆಗೆ ಅಳುತ್ತಾನೆ ಎಂದು ಟವೆಲು ಹಿಡಿದು ಸಿದ್ಧವಾಗಿದ್ದರು. ಅವನು ಬಂದವರ ಚಪ್ಪಲಿಗಳನ್ನು ಜೋಡಿಸಿಟ್ಟ. ತಂಗಿಯೊಬ್ಬಳೇ ಎರಡು ಬಕೆಟ್ಟು ಒಂದು ಹಂಡೆ ತುಂಬುವಷ್ಟು ಅತ್ತು, ಅಣ್ಣನ ಪಾಲನ್ನೂ ತೀರಿಸಿದಳು. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದಾಗ ತುಟಿ ತನ್ನದೋ ಬೇರೆಯವರದೋ ತಿಳಿಯದಂತಾಗುತ್ತದಲ್ಲ, ಹಲ್ಲಣ್ಣನಿಗೆ ತಲೆಯಿಂದ ಹೆಬ್ಬೆರಳಿನ ತನಕ ಹಾಗಾಗಿತ್ತು. ಊಟ ಮಾಡುತ್ತಿದ್ದ, ಕೆಲಸಕ್ಕೆ ಹೋಗುತ್ತಿದ್ದ, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದ. ಎರಡು ತಿಂಗಳು ಕಳೆದರೂ ಅದು ಇಳಿಯಲಿಲ್ಲ.

ಅಮ್ಮನ ಸಾಮಾನು ಹಂಚಿಕೊಳ್ಳುವುದು ಅರ್ಧ ಗಂಟೆಯಲ್ಲಿ ಮುಗಿಯಿತು. ಪಾತ್ರೆ ತಂಗಿಗೆ, ಕಪಾಟು ಅಣ್ಣನಿಗೆ, ಸೀರೆ ತಂಗಿಗೆ, ಹೊಲಿಗೆ ಯಂತ್ರ ಯಾರಿಗೂ ಬೇಡ. ಉಳಿದದ್ದು ಗೋಡೆಯ ಮೇಲಿನ ಚಿತ್ರ. ಅಡುಗೆಮನೆ ಬಾಗಿಲ ಪಕ್ಕ, ಅಮ್ಮನ ಕುರ್ಚಿಯ ಎದುರು, ನಲವತ್ತು ವರ್ಷದಿಂದ ತೂಗುತ್ತಿತ್ತು. ಎಣ್ಣೆಬಣ್ಣದ ಹಳ್ಳಿ. ಒಂದು ಮಣ್ಣಿನ ಓಣಿ, ಹೊಟ್ಟೆ ಮುಂದೆ ಬಂದ ಗೋಡೆಯ ಹೆಂಚಿನ ಮನೆ, ಹುಲ್ಲಿನ ಬಣವೆ, ಕೊಳ, ತಲೆ ತಗ್ಗಿಸಿದ ಒಂದು ದನ, ತಲೆಯ ಮೇಲೆ ಗಂಟು ಹೊತ್ತು ಮಗುವಿನ ಕೈ ಹಿಡಿದು ನಡೆಯುತ್ತಿರುವ ಒಬ್ಬ ಹೆಂಗಸು. ಎಲ್ಲದರ ಮೇಲೂ ಜೇನಿನಂಥ ಸಂಜೆ. ಬರೆದವನು ಯಾರೋ, ಸಹಿ ಇದ್ದರೂ ಓದುವಂತಿರಲಿಲ್ಲ. ಹಳೇ ಲಾಡ್ಜೊಂದು ಮುಚ್ಚುವಾಗ ಅಪ್ಪ ಹೊತ್ತು ತಂದಿದ್ದರು. ಕೊನೆಯ ಮೂರು ವರ್ಷ ಅಮ್ಮ ಆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. "ಪಾಪ, ಕತ್ತಲಾಗೋದ್ರೊಳಗೆ ಮನೆ ಸೇರ್ಕೋತಾರೆ ಬಿಡು," ಎಂದು ಆ ಹೆಂಗಸಿನ ವಿಷಯ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು.

"ಇದು?" ಅಂದಳು ತಂಗಿ.

"ನಿನ್ನಿಷ್ಟ," ಅಂದ ಹಲ್ಲಣ್ಣ.

"ನನ್ನಿಷ್ಟ ಅಂದ್ರೆ ನಾನು ತಗೊಂಡು ಹೋಗ್ತೀನಿ."

ಹಲ್ಲಣ್ಣನಿಗೆ ಆ ಚಿತ್ರ ಬೇಕಿತ್ತು. ಇಡೀ ಮನೆಯಲ್ಲಿ, ಇಡೀ ಜಗತ್ತಿನಲ್ಲಿ, ಅವನಿಗೆ ಬೇಕಾದದ್ದು ಅದೊಂದೇ. ಬೇಕು ಎಂದು ಹೇಳುವುದಕ್ಕೆ ಬಾಯಲ್ಲಿ ಎಲ್ಲಿಂದ ಶುರು ಮಾಡಬೇಕೆಂಬುದು ಮಾತ್ರ ಮರೆತುಹೋಗಿತ್ತು.

ತಂಗಿ ಅವನ ಮುಖ ನೋಡಿದಳು. ಅವಳು ರೈಲಿನಲ್ಲಿ ಟಿಕೆಟ್ ಪರೀಕ್ಷಕಿ. ಇಪ್ಪತ್ತಾರು ವರ್ಷದ ಸರ್ವೀಸು. ಖೋಟಾ ಟಿಕೆಟ್ಟನ್ನು ಹತ್ತು ಬೋಗಿ ಆಚೆಯಿಂದ ವಾಸನೆಯಲ್ಲೇ ಹಿಡಿಯುತ್ತಿದ್ದಳು. ಅವಳು ಹತ್ತಿದಳೆಂದರೆ ಟಿಕೆಟ್ ಇದ್ದವರೂ ಇಳಿದು ಇನ್ನೊಂದು ಕೊಂಡು ಬರುತ್ತಿದ್ದರು.

"ಒಂದು ಕೆಲಸ ಮಾಡು," ಅಂದಳು. "ನೀನು ಲೋಕದ ಬಾಯಿಗೆಲ್ಲ ನಕಲಿ ಹಲ್ಲು ಇಡೋನು. ಇದಕ್ಕೊಂದು ನಕಲು ಬರಿ. ಬರೆಯಕ್ಕೆ ಬರಲ್ಲ ಅನ್ಬೇಡ, ಕಲಿ. ಆರು ತಿಂಗಳು ಟೈಮು. ಚೌಕಟ್ಟು ಕಳಚಿ ಎರಡನ್ನೂ ಪಕ್ಕಪಕ್ಕ ಇಡು. ಯಾವುದು ಯಾವುದು ಅಂತ ನೀನು ಬಾಯಿ ಬಿಡಬಾರದು. ಮೊದಲು ಆರಿಸೋದು ನಾನು. ಆರಿಸಿದ್ದು ನಂದು, ಉಳಿದಿದ್ದು ನಿಂದು. ಆಮೇಲೆ ತಕರಾರು ಇಲ್ಲ."

"ಆಗಲಿ," ಅಂದ ಹಲ್ಲಣ್ಣ, ಅವಳ ಮಾತು ಮುಗಿಯುವುದಕ್ಕೂ ಮುಂಚೆ.

ಅಷ್ಟು ಬೇಗ ಒಪ್ಪಿದ್ದಕ್ಕೆ ಕಾರಣವಿತ್ತು. ವಕೀಲನ ಬಾಯಿಗೆ ಮಾಡಿದ್ದನ್ನು ತಂಗಿಯ ಕಣ್ಣಿಗೆ ಮಾಡುವುದು. ಅವಳು ನಕಲನ್ನೇ ಅಸಲು ಎಂದು ನಂಬಿ ಬಗಲಲ್ಲಿ ಇಟ್ಟುಕೊಂಡು ಹೋಗಬೇಕು, ಅಸಲು ಇದೇ ಗೋಡೆಯ ಮೇಲೆ ಉಳಿಯಬೇಕು. ಒಡಹುಟ್ಟಿದವಳಿಗೆ ಟೋಪಿ ಹಾಕುವುದು ತಪ್ಪಲ್ಲವೇ ಎಂದು ಮನಸ್ಸನ್ನು ಕೇಳಿಕೊಂಡ. ಮನಸ್ಸು ಮನೆಯಲ್ಲಿರಲಿಲ್ಲ.

ಚಿತ್ರ ಕಲಿಯಲು ಅವನು ಸೇರಿದ್ದು ಬಣ್ಣದ ಮೇಡಂ ಅವರ ತರಗತಿಗೆ. ಅದು ನಡೆಯುತ್ತಿದ್ದದ್ದು ಟೈರಿನ ಅಂಗಡಿಯ ಮಾಳಿಗೆಯಲ್ಲಿ. ಮೇಡಂಗೆ ಎಪ್ಪತ್ತು ವಯಸ್ಸು, ಮೊಣಕಾಲು ಕೆಟ್ಟಿತ್ತು. ಯಾವುದೋ ಕ್ಷೌರದಂಗಡಿಯಿಂದ ಬಂದ ತಿರುಗುವ ಕುರ್ಚಿಗೆ ಚಕ್ರ ಹಾಕಿಸಿಕೊಂಡು, ಕೋಣೆಯ ಈ ತುದಿಯಿಂದ ಆ ತುದಿಗೆ ಕಾಲಿನಿಂದ ಒದ್ದುಕೊಂಡು ಓಡಾಡುತ್ತಿದ್ದರು. ಆ ವೇಗಕ್ಕೆ ಕೆಳಗಿನ ಅಂಗಡಿಯವನು ದಿನಾ ಮಧ್ಯಾಹ್ನ ಭೂಕಂಪವೆಂದು ಹೊರಗೆ ಓಡಿ ಬರುತ್ತಿದ್ದನಂತೆ. ಅವರು ಕಲಿಸುತ್ತಿದ್ದದ್ದು ಒಂದೇ ವಿದ್ಯೆ, ನಕಲು.

"ನಿಜವಾದ ಹಳ್ಳಿ ಮುಂದೆ ಕೂರಿಸಿದ್ರೆ ಏನಾಗತ್ತೆ ಹೇಳಿ," ಎಂದರು ಮೊದಲ ದಿನ, ಅವನು ಹೊತ್ತು ತಂದ ಚಿತ್ರ ನೋಡಿ. "ಬಿಸಿಲು ಸರಿಯತ್ತೆ. ಮರ ಅಲ್ಲಾಡತ್ತೆ. ದನ ಎದ್ದು ಹೋಗತ್ತೆ, ನೀವು ಅದರ ಹಿಂದೆ ಹೋಗ್ತೀರಿ. ಇಲ್ಲಿ ನೋಡಿ, ಈ ದನ ಎಲ್ಲಿಗೂ ಹೋಗಲ್ಲ. ಹೋಗದೇ ಇರೋ ದನದಿಂದ ಕಲೀಬೇಕು."

"ಸರಿ ಮೇಡಂ."

"ಎಷ್ಟು ತಿಂಗಳಲ್ಲಿ ಕಲೀಬೇಕು ಅಂತಿದೀರಿ?"

"ಆರು."

"ನಾನು ಐವತ್ತು ವರ್ಷ ಆಯ್ತು, ಇನ್ನೂ ಕೊಳದ ನೀರು ಬರಲ್ಲ ನಂಗೆ. ಕೂತ್ಕೊಳಿ."

ಹಳೇ ಚಿತ್ರದ ಮೇಲೆ ದಾರದ ಚೌಕಗಳು, ಹೊಸ ಬಟ್ಟೆಯ ಮೇಲೆ ಸೀಸದ ಕಡ್ಡಿಯ ಚೌಕಗಳು. ಈ ಚೌಕದಲ್ಲಿ ಇದ್ದದ್ದು ಆ ಚೌಕಕ್ಕೆ. ಹಳ್ಳಿಯನ್ನು ನೋಡಕೂಡದು, ಚೌಕವನ್ನು ನೋಡಬೇಕು. ಮೊದಲ ಸುತ್ತು ಇಡೀ ಚಿತ್ರವನ್ನು ಬರೀ ಬೂದು ಬಣ್ಣದಲ್ಲಿ ಬರೆಯಬೇಕು.

"ಇದನ್ನ ಸತ್ತ ಪದರ ಅಂತೀವಿ," ಎಂದರು ಮೇಡಂ. "ಬೆಳಕೆಲ್ಲಿ, ನೆರಳೆಲ್ಲಿ, ಅಷ್ಟೇ. ಜೀವ ಗೀವ ಎಲ್ಲ ಮೇಲಿನ ಪದರದಲ್ಲಿ. ಎಲ್ಲರೂ ಇಲ್ಲಿ ಬೇಜಾರಾಗಿ ಓಡಿ ಹೋಗ್ತಾರೆ."

ಹಲ್ಲಣ್ಣ ಓಡಿ ಹೋಗಲಿಲ್ಲ. ಬೂದುಬಣ್ಣದಲ್ಲಿ ಅವನಿಗೆ ಎಷ್ಟು ಹಿತವಾಯಿತೆಂದರೆ, ಬೇರೆಯವರು ಹದಿನೈದು ದಿನದಲ್ಲಿ ಮುಗಿಸುವುದನ್ನು ಎರಡು ತಿಂಗಳು ಎಳೆದ. ಲೋಕದಲ್ಲಿ ಇರುವ ಬೂದುಬಣ್ಣವೆಲ್ಲ ಖರ್ಚಾಯಿತು. ದಿನಾ ಸಂಜೆ ಕೆಲಸ ಮುಗಿಸಿ ಬಂದು ಸ್ಟೂಲಿನ ಮೇಲೆ ಕೂತರೆ, ಟೈರಿನ ರಬ್ಬರು ವಾಸನೆ, ಮೇಡಂ ಕುರ್ಚಿಯ ಕಿರ್ರ್, ಎದುರಿಗೆ ಸತ್ತ ಓಣಿಯಲ್ಲಿ ಸತ್ತ ದನ. ಯಾರೂ ಹೇಗಿದ್ದೀಯ ಎಂದು ಕೇಳುತ್ತಿರಲಿಲ್ಲ.

ಒಂದು ಸಂಜೆ, ಮನೆಯ ಗೋಡೆಗೆ ನೆರಳು ಹಾಕುತ್ತಿದ್ದಾಗ, ಅಮ್ಮ ಹೋದ ದಿನದ ಹನ್ನೆರಡು ನಿಮಿಷ ನೆನಪಾಯಿತು. ಪಕ್ಕದ ಮನೆಯವರು ಫೋನು ಮಾಡಿದಾಗ ಕುಲುಮೆಯೊಳಗೆ ಮೂರು ಹಲ್ಲುಗಳ ಒಂದು ಸಾಲು ಬೇಯುತ್ತಿತ್ತು. ಕೊನೆಯ ಹೊಳಪಿನ ಸುತ್ತು. ಅರ್ಧಕ್ಕೆ ತೆಗೆದರೆ ಸೀಳುತ್ತದೆ. ಹಲ್ಲಣ್ಣ "ಬಂದೆ" ಎಂದು ಫೋನಿಟ್ಟು, ಸ್ಟೂಲಿನ ಮೇಲೆ ಕೂತು, ಕುಲುಮೆಯ ಮೇಲಿನ ಕೆಂಪು ಅಂಕಿಗಳು ಇಳಿಯುವುದನ್ನು ನೋಡಿದ. ಹನ್ನೆರಡು, ಹನ್ನೊಂದು, ಹತ್ತು. ತೆಗೆದು, ತಣ್ಣಗಾಗಲು ಇಟ್ಟು, ಬೀಗ ಹಾಕಿ ಹೋದ. ಅವನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹನ್ನೆರಡು ನಿಮಿಷ ಮುಂಚೆ ಹೋಗಿದ್ದರೂ ಮುಗಿದೇ ಇರುತ್ತಿತ್ತು. ಆ ಮೂರು ಹಲ್ಲು ಬಹಳ ಚೆನ್ನಾಗಿ ಬಂದಿದ್ದವು. ನೆನಪಾಯಿತು, ಅಷ್ಟೇ. ಕುಂಚ ಅದ್ದಿ ಮುಂದಿನ ಚೌಕಕ್ಕೆ ಹೋದ.

"ಸಾಕು," ಎಂದು ಮೂರನೆಯ ತಿಂಗಳು ಮೇಡಂ ಕುರ್ಚಿ ಒದ್ದುಕೊಂಡು ಬಂದು ಬೂದುಬಣ್ಣದ ಡಬ್ಬಿ ಕಿತ್ತುಕೊಂಡರು. "ಇನ್ನೂ ಬಳಿದ್ರೆ ಹಳ್ಳೀಲಿ ಯಾರೂ ಉಳಿಯಲ್ಲ. ಬಣ್ಣ ಹಾಕಿ."

ಬಣ್ಣಕ್ಕೆ ಇಳಿದಾಗ ಹಲ್ಲಣ್ಣನ ವಿದ್ಯೆ ನೋಡಿ ಮಾಳಿಗೆಯ ಹಲ್ಲಿಗಳು ಲೊಚಗುಟ್ಟುವುದನ್ನು ನಿಲ್ಲಿಸಿದವು. ಹಲ್ಲಿನ ಬಣ್ಣ ಹೊಂದಿಸುವುದಕ್ಕೆ ಅವನ ಹತ್ತಿರ ತಂತಿಗೆ ಸಿಕ್ಕಿಸಿದ ಹದಿನಾರು ಮಾದರಿ ಹಲ್ಲುಗಳಿದ್ದವು, ಪ್ರತಿಯೊಂದಕ್ಕೂ ಒಂದು ನಂಬರು. ಅವನ್ನು ಜೇಬಿನಿಂದ ತೆಗೆದು ಒಂದೊಂದಾಗಿ ಹಳೇ ಚಿತ್ರದ ಆಕಾಶಕ್ಕೆ ಹಿಡಿದ.

"ಏನ್ರೀ ಮಾಡ್ತಿದೀರಿ?"

"ಆಕಾಶ ಎ ಮೂರೂವರೆ, ಮೇಡಂ."

"ಹಂಗಂದ್ರೆ?"

"ಸಿಗರೇಟು ಸೇದೋರ ಹಲ್ಲು."

"ನಂಗೆ ಆಕಾಶ ಅಂದ್ರೆ ದೇವರು ಇರೋ ಜಾಗ ಅಂತ ಹೇಳ್ಕೊಟ್ಟಿದ್ರು," ಎಂದು ಮೇಡಂ ಗೋಡೆಯ ಕಡೆ ಕುರ್ಚಿ ತಿರುಗಿಸಿಕೊಂಡರು. ಆದರೆ ಅವನು ಕಲಸಿದ ಬಣ್ಣ ಹಚ್ಚಿದಾಗ ಕುರ್ಚಿಯನ್ನು ಮತ್ತೆ ಈಚೆಗೆ ತಿರುಗಿಸಿದರು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿಯಿಲ್ಲ. ಹಳೇ ಚಿತ್ರದ ಆಕಾಶ ಎದ್ದು ಬಂದು ಹೊಸ ಬಟ್ಟೆಯ ಮೇಲೆ ಕೂತಂತಿತ್ತು. ನೊಣ ಕೂತ ಚುಕ್ಕೆಗಳನ್ನು ಬರೆದ. ಮೂಲೆಯ ಬಿರುಕುಗಳನ್ನು ಒಂದೇ ಕೂದಲಿನ ಕುಂಚದಲ್ಲಿ ಬರೆದ. ಹದಿನೇಳು ದಿನ ಬರೀ ಬಿರುಕು. ಬಟ್ಟೆಯ ಬೆನ್ನಿಗೆ ಚಹಾ ಒರೆಸಿ ಹಳತು ಮಾಡಿದ. ತಂಗಿ ಹಿಂದೆ ಮುಂದೆ ತಿರುಗಿಸಿ ನೋಡುವವಳೆಂದು ಅವನಿಗೆ ಗೊತ್ತಿತ್ತು.

ಒಂದೇ ತೊಂದರೆ. ಬಣ್ಣಕ್ಕೆ ಬೆರೆಸುವ ಟರ್ಪೆಂಟೈನಿನ ವಾಸನೆಗೆ ಅವನಿಗೆ ತಲೆ ಸಿಡಿಯುತ್ತಿತ್ತು. ಹಲ್ಲಿನವರ ಹತ್ತಿರ ಸಕಲ ವಾಸನೆಗೂ, ಸಕಲ ನೋವಿಗೂ ಇರುವ ಮದ್ದು ಲವಂಗದ ಎಣ್ಣೆ. ತನ್ನ ಕೆಲಸದ ಕೋಣೆಯಿಂದ ಒಂದು ಸೀಸೆ ತಂದು, ಟರ್ಪೆಂಟೈನ್ ಬಿಟ್ಟು, ಪ್ರತಿ ಬಣ್ಣಕ್ಕೂ ಅದರ ನಾಲ್ಕು ಹನಿ ಹಾಕಿಕೊಂಡ. ತಲೆನೋವು ಹೋಯಿತು. ಬಣ್ಣ ಬೆಣ್ಣೆಯ ಹಾಗೆ ಮೃದುವಾಯಿತು, ಸೋಮವಾರ ಕಲಸಿದ್ದು ಶನಿವಾರವೂ ಹಾಗೇ ಇರುತ್ತಿತ್ತು. ಇಂಥ ಉಪಾಯ ಯಾವ ಚಿತ್ರಗಾರನಿಗೂ ಹೊಳೆದಿಲ್ಲವಲ್ಲ ಎಂದುಕೊಂಡ. ಮೇಡಂಗೆ ಹೇಳಲಿಲ್ಲ. ಮೇಡಂ ಮೂಗು ಐವತ್ತು ವರ್ಷದ ಟರ್ಪೆಂಟೈನಿಗೆ ಎಂದೋ ತೀರಿಹೋಗಿತ್ತು, ಅವರಿಗೆ ತಿಳಿಯಲಿಲ್ಲ.

ತಂಗಿ ಬರುವುದಕ್ಕೆ ಮೂರು ವಾರವಿದ್ದಾಗ ನಕಲು ಮುಗಿಯಿತು. ಮೇಡಂ ಕೊಳದ ಅಂಚಿಗೆ ಕಿರುಬೆರಳು ಮುಟ್ಟಿಸಿದರು. ಬೆರಳು ಹಸಿರಾಯಿತು.

"ಇದು ಯಾವಾಗ ಹಚ್ಚಿದ್ದು?"

"ಒಂದೂವರೆ ತಿಂಗಳಾಯ್ತು."

"ಒಂದೂವರೆ ತಿಂಗಳಾದ್ಮೇಲೆ ಇದು ಗಟ್ಟಿ ಆಗಿರ್ಬೇಕು. ಏನು ಬೆರೆಸಿದ್ರಿ?"

ಹಲ್ಲಣ್ಣ ಸೀಸೆ ತೋರಿಸಿದ. ಮೇಡಂ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ ಮತ್ತೆ ಅವನ ಎದುರಿಗೆ ಬಂದು ನಿಂತರು.

"ಲವಂಗದ ಎಣ್ಣೆ ಹಾಕಿದ್ರೆ ಎಣ್ಣೆಬಣ್ಣ ಒಣಗಲ್ಲ ಮಾರಾಯ್ರೇ. ಒಂದು ಹನಿ ಹಾಕೋರು ಇದಾರೆ, ನಿಧಾನ ಆಗ್ಲಿ ಅಂತ. ನೀವು ಉಪ್ಪಿನಕಾಯಿ ಹಾಕಿದೀರಿ. ಇದು ಒಣಗೋದು ನೋಡಕ್ಕೆ ನಾನಂತೂ ಇರಲ್ಲ."

"ಏನು ಮಾಡೋದು?"

"ಕಿಟಕಿ ಹತ್ರ ಇಡಿ. ಊದಬೇಡಿ. ಮುಟ್ಟಬೇಡಿ. ಕಾಯಿರಿ."

ಕಾಯುವುದು ಹಲ್ಲಣ್ಣನಿಗೆ ಬರುತ್ತಿತ್ತು. ಕೈ ಸುಮ್ಮನಿರುವುದು ಬರುತ್ತಿರಲಿಲ್ಲ. ಹಳೇ ಚಿತ್ರದ ಎಡಗಡೆಯ ಮೇಲಿನ ಮೂಲೆಯಲ್ಲಿ ಒಂದು ಕಪ್ಪು ಗುರುತು ಮೊದಲಿಂದಲೂ ಅವನನ್ನು ಕಾಡುತ್ತಿತ್ತು. ಹಕ್ಕಿಯೋ ಕೊಳೆಯೋ? ಅದನ್ನು ಅನುಮಾನದಲ್ಲೇ ನಕಲು ಮಾಡಿದ್ದ. ಈಗ ಪುರುಸೊತ್ತಾಗಿ ಕೇಳಿದ.

"ಒರೆಸಿ ನೋಡಿ," ಅಂದರು ಮೇಡಂ. "ನೀರು ಬೇಡ, ಸೋಪು ಬೇಡ. ಕಡ್ಡಿಗೆ ಹತ್ತಿ ಸುತ್ತಿ, ಎಂಜಲಲ್ಲಿ ಒದ್ದೆ ಮಾಡಿ, ಮೆಲ್ಲಗೆ ಉರುಳಿಸಿ. ಹಳೇ ಚಿತ್ರ ತೊಳೆಯೋರೆಲ್ಲ ಎಂಜಲಲ್ಲೇ ತೊಳೆಯೋದು. ನಿಮ್ಗೇನು ಹೇಸಿಗೆಯಾ, ಹಲ್ಲಿನೋರು."

ಅದು ಹಕ್ಕಿಯಾಗಿರಲಿಲ್ಲ. ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಎರಡನೆಯ ಹತ್ತಿಯೂ ಕಂದು. ಐದನೆಯ ಹತ್ತಿಯ ಹೊತ್ತಿಗೆ ಉಗುರಗಲದ ಜಾಗದಲ್ಲಿ, ಜೇನುಬಣ್ಣದ ಆಕಾಶದ ನಡುವೆ, ತಣ್ಣಗಿನ ನೀಲಿ ಬಿಳುಪೊಂದು ಇಣುಕಿತು. ಹಲ್ಲಣ್ಣ ಹತ್ತಿಯನ್ನು ಮೂಗಿಗೆ ಹಿಡಿದ. ಅಪ್ಪನ ಸಿಗರೇಟು. ಅಪ್ಪ ಆ ಚಿತ್ರದ ಕೆಳಗೆ ಕೂತು ಇಪ್ಪತ್ತು ವರ್ಷ ದಿನಕ್ಕೆ ಎರಡು ಪ್ಯಾಕು ಸೇದಿ ಹೋಗಿದ್ದರು, ಆಮೇಲೆ ಅಡುಗೆಮನೆಯ ಒಗ್ಗರಣೆ ಇಪ್ಪತ್ತು ವರ್ಷ. ಆಕಾಶಕ್ಕೆ ಹಿಡಿದ ಮಾದರಿ ಹಲ್ಲು ಮೂರು ತಿಂಗಳ ಹಿಂದೆಯೇ ಇದನ್ನು ಹೇಳಿತ್ತು. ಅವನೇ ಬಾಯಿಬಿಟ್ಟು ಓದಿ ಹೇಳಿದ್ದ. ಕಿವಿಗೆ ಬಿದ್ದಿರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆ ಉಗುರಗಲಕ್ಕೆ ಚಹಾ ಸವರಿ ಮುಚ್ಚಬಹುದಿತ್ತು. ಬೇರೆ ಯಾವ ಕಳ್ಳನಾದರೂ ಹಾಗೇ ಮಾಡುತ್ತಿದ್ದ. ಆದರೆ ಕಲೆಯಾದ ಬಾಯಿಯ ನಡುವೆ ಒಂದೇ ಒಂದು ಹೊಳೆಯುವ ಹಲ್ಲು. ಅಂಥದ್ದನ್ನು ನೋಡಿಕೊಂಡು ಸುಮ್ಮನಿರುವ ಶಕ್ತಿ ಹಲ್ಲಣ್ಣನಿಗೆ ಹುಟ್ಟಿದಾಗಿನಿಂದ ಇರಲಿಲ್ಲ. ಪಕ್ಕದ್ದನ್ನು ಇದಕ್ಕೆ ಹೊಂದಿಸಲು ಕೈ ತಾನೇ ಮುಂದೆ ಹೋಯಿತು. ಅದಕ್ಕೆ ಹೊಂದುವಂತೆ ಅದರ ಪಕ್ಕದ್ದು. ಎರಡೂ ಚಿತ್ರಗಳನ್ನು ಜೋಪಾನವಾಗಿ ಮನೆಗೆ ತಂದು, ಅಮ್ಮನ ಕುರ್ಚಿಯಲ್ಲೇ ಕೂತು, ಹಳೆಯದನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ವಾರ ಉರುಳಿಸಿದ. ನಾಲ್ಕು ಸಾವಿರ ಹತ್ತಿಯ ಕಡ್ಡಿ, ಒಂದು ಕೊಡ ಎಂಜಲು. ನಾಲಿಗೆ ಮರಳುಗಾಡಾಯಿತು. ಏನು ಯೋಚನೆ ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದ್ದರೆ, ಏನೂ ಇಲ್ಲ ಎನ್ನುತ್ತಿದ್ದ, ಅದು ನಿಜವೇ ಆಗಿತ್ತು.

ಕೊನೆಯ ಚೌಕ ಮುಗಿಸಿ ಗೋಡೆಗೆ ಒರಗಿಸಿ ಹಿಂದೆ ಸರಿದು ನೋಡಿದಾಗ ಹಳ್ಳಿಯಲ್ಲಿ ಬೆಳಗಾಗಿತ್ತು.

ಬಣವೆಯ ಮೇಲೆ ಇಬ್ಬನಿ ಹೊಳೆಯುತ್ತಿತ್ತು. ಕೊಳದಿಂದ ಬಿಳಿ ಆವಿ ಏಳುತ್ತಿತ್ತು. ಗಂಟು ಹೊತ್ತ ಹೆಂಗಸಿನ ಸೆರಗು ಕೆಂಪು, ಇಷ್ಟು ವರ್ಷ ಅದು ಕಂದು ಎಂದೇ ತಿಳಿದಿದ್ದರು. ಅವಳು ಮನೆ ಸೇರಿಕೊಳ್ಳುತ್ತಿರಲಿಲ್ಲ. ಮಗುವಿನ ಕೈ ಹಿಡಿದು ಬೆಳಗಾಗುತ್ತಿದ್ದಂತೆ ಎಲ್ಲಿಗೋ ಹೊರಟಿದ್ದಳು.

ಒಳ್ಳೆಯ ಚಿತ್ರ ಎಂದು ಹಲ್ಲಣ್ಣನಿಗೆ ತಿಳಿಯಿತು. ಲಾಡ್ಜಿನವರು ಇಂಥದ್ದನ್ನು ಕೊಟ್ಟುಬಿಟ್ಟರಲ್ಲ ಎಂದೂ ತಿಳಿಯಿತು. ಬೇರೆಯವರ ಮನೆಯಲ್ಲಿ ಕೂತಿದ್ದಾಗ ಗೋಡೆಯ ಮೇಲಿನದನ್ನು ನೋಡಿದ ಹಾಗೆ ನೋಡಿದ. ಆಮೇಲೆ ಕಿಟಕಿಯ ಹತ್ತಿರ ಇಟ್ಟಿದ್ದ ನಕಲಿನ ಕಡೆ ತಿರುಗಿದ. ಅಲ್ಲಿ ಸಂಜೆಯಿತ್ತು, ಹಸಿಹಸಿಯಾಗಿ.

ಭಾನುವಾರ ತಂಗಿ ಬಂದಳು. ಬಾಗಿಲಲ್ಲೇ ನಿಂತು ಮೂಗರಳಿಸಿದಳು.

"ಹಲ್ಲುನೋವಾ?"

"ಇಲ್ಲ."

"ಮನೆಯೆಲ್ಲ ಲವಂಗ ನಾತ." ಚಪ್ಪಲಿ ಬಿಟ್ಟು ಒಳಗೆ ಬಂದಳು. "ಮಾತು ನೆನಪಿದೆಯಲ್ಲ, ಬಾಯಿ ಬಿಡಬಾರದು."

"ಹೂಂ."

ಎರಡೂ ಗೋಡೆಗೆ ಒರಗಿದ್ದವು. ಅವಳು ಬೆಳಗಿನ ಚಿತ್ರದ ಮುಂದೆ ನಿಂತು ಹುಬ್ಬು ಗಂಟಿಕ್ಕಿದಳು. ಕನ್ನಡಕ ಹಾಕಿಕೊಂಡು ಸಹಿ ನೋಡಿದಳು. ಬಗ್ಗಿಸಿ ಹಿಂದುಗಡೆ ತುಕ್ಕು ಹಿಡಿದ ಮೊಳೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಸಂಜೆಯ ಮುಂದೆ ಹೋಗಿ ನಿಂತಳು. ಅದನ್ನು ತಿರುಗಿಸಿ ನೋಡಲಿಲ್ಲ. ಒಂದು ರೈಲು ಹೊರಟು ಮುಂದಿನ ಸ್ಟೇಷನ್ನು ಸೇರುವಷ್ಟು ಹೊತ್ತು ಸುಮ್ಮನೆ ನಿಂತಿದ್ದಳು.

"ಇದು ನಂದು," ಅಂದಳು.

ಹಲ್ಲಣ್ಣನ ಹೂಟ ಗೆದ್ದಿತ್ತು. ಇಪ್ಪತ್ತಾರು ವರ್ಷದ ಪರೀಕ್ಷಕಿ ಬೆರಳು ಮಾಡಿ ನಕಲನ್ನು ಆರಿಸಿದ್ದಳು. ಇಂಥ ಗೆಲುವು ನಕಲಿನವರ ಚರಿತ್ರೆಯಲ್ಲೇ ಆಗಿರಲಿಕ್ಕಿಲ್ಲ. ಅವನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಆಗುತ್ತಿತ್ತು.

"ಇದು ನಾನು ಬರೆದಿದ್ದು ಕಣೇ," ಅಂದ.

"ಗೊತ್ತು. ಆ ಇನ್ನೊಂದರ ತುಕ್ಕು ಮೊಳೆ ನೋಡಿದ್ನಲ್ಲ. ನಾನೇನು ರೈಲಲ್ಲಿ ಕಡಲೆಕಾಯಿ ಮಾರ್ತಿದ್ನಾ ಇಷ್ಟು ವರ್ಷ?"

"ಅಸಲು ಅದು. ಒರೆಸಿದೆ, ಹಾಗಾಯ್ತು. ಎಲ್ಲ ಅಪ್ಪನ ಸಿಗರೇಟು ಹೊಗೆ."

"ಚೆನ್ನಾಗಿದೆ. ನೀನೇ ಇಟ್ಕೋ."

"ನಿನಗೆ ಮೋಸ ಮಾಡೋಣ ಅಂತಾನೇ ಇದನ್ನ ಬರೆದೆ. ನಕಲು ನಿನಗೆ ದಾಟಿಸಿ ಅಸಲು ಇಟ್ಕೊಳೋಣ ಅಂತ."

"ಅದೂ ಗೊತ್ತು. ಚಿಕ್ಕೋನಿದ್ದಾಗಿಂದ ನೀನು ಯಾವುದಕ್ಕಾದ್ರೂ ಬೇಗ ಒಪ್ಕೊಂಡ್ರೆ ನಾನು ಜೇಬು ಮುಟ್ಟಿ ನೋಡ್ಕೋತೀನಿ." ಅವಳು ನಗಲಿಲ್ಲ. "ಹಳೇ ಬೆಡ್‌ಶೀಟು ಏನಾದ್ರೂ ಕೊಡು, ಸುತ್ಕೊಂಡು ಹೋಗ್ತೀನಿ."

"ಇದನ್ನ ತಗೊಂಡು ಹೋಗ್ಬೇಡ."

ಮಾತು ಅವನ ಬಾಯಿಂದ ಬಂತು ಎಂದು ತಿಳಿಯಲು ಅವನಿಗೇ ಸ್ವಲ್ಪ ಹೊತ್ತು ಬೇಕಾಯಿತು. ತಂಗಿ ಕನ್ನಡಕ ತೆಗೆದಳು.

"ಯಾಕೆ?"

"ಇಲ್ಲೇ ಇರಲಿ."

"ಯಾಕೆ ಅಂತ ಕೇಳ್ತಿದೀನಿ."

ಹಲ್ಲಣ್ಣ ಹುಡುಕಿದ. ಇನ್ನೂರ ಹನ್ನೆರಡು ಬಿಳಿಗೂ ಹೆಸರಿಟ್ಟವನಿಗೆ ಒಂದು ಕಾರಣ ಸಿಗಲಿಲ್ಲ. "ನಂಗೆ ಇದು ಬೇಕು," ಅಂದ.

ತಂಗಿ ಅಮ್ಮನ ಕುರ್ಚಿಯ ಮೇಲೆ ಕೂತಳು. ಬೆಳಗಿನ ಚಿತ್ರವನ್ನು ಕೈಯಿಂದ ತೋರಿಸಿದಳು. "ಅವರು ಯಾರೋ ನಂಗೆ ಗೊತ್ತಿಲ್ಲ ಅಣ್ಣ. ಅಮ್ಮ ಇಲ್ಲಿ ಕೂತು ಒಂದಿನಾನೂ ಅದನ್ನ ನೋಡ್ಲಿಲ್ಲ. ಅಮ್ಮ ನೋಡಿದ್ದು ಇನ್ನು ಇರೋದು ಇದರಲ್ಲಿ ಮಾತ್ರ." ಕನ್ನಡಕ ಮಡಿಸಿಕೊಂಡು ಹೇಳಿದಳು, "ಬೇಕು ಅಂತ ಅವತ್ತೇ ಒಂದು ಮಾತು ಅಂದಿದ್ರೆ ಬಿಟ್ಟು ಹೋಗ್ತಿದ್ದೆ. ಅಸಲನ್ನೇ ಬಿಟ್ಟು ಹೋಗ್ತಿದ್ದೆ. ಅನ್ನಲಿ ಅಂತ ಕಾದೆ. ನೀನು ನಿನ್ನಿಷ್ಟ ಅಂದೆ."

"ಬರಲಿಲ್ಲ ಬಾಯಿಗೆ."

"ಈಗ ಬಂತು. ತಡವಾಯ್ತು. ನಾನು ಆರಿಸಿದ್ದಾಯ್ತು."

"ಹೂಂ."

"ಇನ್ನೊಂದು ಬರಿ. ಇದನ್ನ ನೋಡ್ಕೊಂಡು. ನಮ್ಮನೇಗೆ ಬಂದು ಬರಿ, ಭಾನುವಾರ ಭಾನುವಾರ. ನಿನ್ನ ಸ್ಟೂಲು ನೀನೇ ತಗೊಂಬಾ, ನಮ್ಮನೇಲಿರೋದು ಮುರಿದಿದೆ."

ಅವಳು ಎದ್ದು ಚಿತ್ರ ಎತ್ತಲು ಹೋದಳು. ನಾಲ್ಕು ಬೆರಳು ಕಂದಾದವು. ಬೆರಳನ್ನು ನೋಡಿಕೊಂಡಳು, ಅಣ್ಣನನ್ನು ನೋಡಿದಳು.

"ಒಣಗಿಲ್ವಾ?"

"ಒಣಗಲ್ಲ. ಲವಂಗದ ಎಣ್ಣೆ ಹಾಕ್ಬಿಟ್ಟೆ."

"ಎಷ್ಟು ದಿನ?"

"ಮೇಡಂ ಇರೋವರ್ಗೂ ಒಣಗಲ್ವಂತೆ."

"ನಿಂದು ಯಾವಾಗ್ಲೂ ಇಂಥದ್ದೇ ಕೆಲಸ," ಎಂದು ಸೆರಗಿಗೆ ಒರೆಸಿಕೊಳ್ಳಲು ಹೋಗಿ ಬಿಟ್ಟಳು. "ಹಿಡಿ ಆ ಕಡೆ."

ಟ್ಯಾಕ್ಸಿಯವನು ಸೀಟಿಗೆ ಬಣ್ಣ ಹತ್ತುತ್ತದೆಂದು ಹತ್ತಿಸಿಕೊಳ್ಳಲಿಲ್ಲ. ಬಸ್ಸಿನವನು ನಿಲ್ಲಿಸಲೇ ಇಲ್ಲ. ಇಬ್ಬರೂ ಚಿತ್ರವನ್ನು ಆಕಾಶಕ್ಕೆ ಮುಖ ಮಾಡಿ, ಹಿಂಬದಿಯ ಮರದ ಪಟ್ಟಿಗಳನ್ನು ಎರಡೂ ತುದಿಯಲ್ಲಿ ಹಿಡಿದು, ನಡೆದೇ ಹೊರಟರು. ತಂಗಿಯ ಮನೆಗೆ ಎರಡು ಮೈಲಿ. ಆ ದಿನ ಅದು ಇನ್ನೂರು ಮೈಲಿಯಾಗಿತ್ತು. ತಂಗಿ ಮುಂದೆ, ಹಲ್ಲಣ್ಣ ಹಿಂದೆ. ಫುಟ್‌ಪಾತಿನ ಮೇಲೆ ಎದುರು ಬಂದವರು ಕೆಳಗಿಳಿದು ದಾರಿ ಬಿಟ್ಟರು. ಸೇತುವೆಯ ಮೇಲೆ ಗಾಳಿ ಎದ್ದು ರಸ್ತೆಯ ದೂಳು ತಂದು ಓಣಿಯ ಮೇಲೆ ಹಾಕಿತು, ಅದು ಅಲ್ಲೇ ಅಂಟಿಕೊಂಡಿತು. ಒಂದು ಸೊಳ್ಳೆ ಬಂದು ಕೊಳಕ್ಕೆ ಇಳಿಯಿತು, ಮತ್ತೆ ಏಳಲಿಲ್ಲ. ಹಲ್ಲಣ್ಣನ ಎರಡು ಹೆಬ್ಬೆರಳೂ ಅಂಚಿನ ಹಸಿ ಹುಲ್ಲಿನೊಳಗೆ ಹೂತಿದ್ದವು. ತೆಗೆದರೆ ಗುರುತು ಕಾಣುತ್ತದೆಂದು ಅಲ್ಲೇ ಬಿಟ್ಟಿದ್ದ.

"ಕೈ ನೋಯ್ತಿದೆಯಾ?" ತಂಗಿ ಹಿಂತಿರುಗಿ ನೋಡದೆ ಕೇಳಿದಳು.

"ಗೊತ್ತಾಗ್ತಿಲ್ಲ."

"ನಂಗೆ ನೋಯ್ತಿದೆ. ಸ್ವಲ್ಪ ನಿಲ್ಲು."

ನಿಂತರು. ಕೆಳಗೆ ಇಡುವ ಹಾಗಿರಲಿಲ್ಲ, ಹಿಡಿದುಕೊಂಡೇ ನಿಂತರು. ಲಾರಿಯೊಂದು ಹೋಗುವ ತನಕ ಕಾದು ತಂಗಿ ಕೈ ಬದಲಾಯಿಸಿಕೊಂಡಳು.

"ಹೋಗೋಣ್ವಾ?"

"ಹೂಂ," ಅಂದ ಹಲ್ಲಣ್ಣ.